ಭದ್ರಾ ನಾಲೆ ಪೋಸ್ಟ್ ಕೆಳಗೆ ಒಂದೇ ಥರದ ಕಾಮೆಂಟು, ಯಾರೋ ಹಾಕಿಸ್ತಿದಾರೆ ಅಂತ ಹೆಂಗೆ ಪತ್ತೆ ಹಚ್ಚೋದು?

ನಾಲೆದಂಡೆ ಹುಡುಗ, ದಾವಣಗೆರೆ:
ನಮಸ್ಕಾರ ಎಲ್ರಿಗೂ. ನಾನು ಎಂಸಿಎ ಓದ್ತಿದೀನಿ, ಊರು ಮಲೇಬೆನ್ನೂರು ಕಡೆ, ಅಪ್ಪ ಭತ್ತ ಬೆಳೀತಾರೆ. ಭದ್ರಾ ನಾಲೆಗೆ ನೀರು ಬಿಡೋ ವಿಷಯದ ಒಂದು ಫೇಸ್‌ಬುಕ್ ಪೋಸ್ಟ್ ಕೆಳಗೆ ಹೋದ ವಾರ ರಾತ್ರಿ ಹನ್ನೊಂದರ ಮೇಲೆ ಹತ್ತೇ ನಿಮಿಷದಾಗೆ ನಲವತ್ತರ ಹತ್ರ ಕಾಮೆಂಟು ಬಿದ್ವು, ಈ ಸಲ ನೀರೇ ಬಿಡಲ್ಲ ಅಂತ, ಎಲ್ಲಾದ್ರಾಗೂ ರೈತರಿಗೆ ಅನ್ನೋದನ್ನ ‘ರೈತರೀಗೆ’ ಅಂತ್ಲೇ ತಪ್ಪು ಬರ್ದಿದಾರೆ. ಅಪ್ಪ ಅದನ್ನ ಓದಿ ಸಸಿಮಡಿ ಹಾಕೋದೇ ಬೇಡ ಅಂತ ಕೂತ್ಬಿಟ್ರು, ಅದು ನಂಗೆ ತುಂಬಾ ಬೇಜಾರಾಯ್ತು. ಇದ್ನೇ ಪ್ರಾಜೆಕ್ಟ್ ಮಾಡ್ಬೇಕು ಅಂತಿದೀನಿ. ಒಂದೊಂದು ಅಕೌಂಟಿಗೂ ಬಾಟ್, ಅಂದ್ರೆ ಮನುಷ್ಯರ ಬದ್ಲು ತಾನಾಗೇ ಪೋಸ್ಟ್ ಹಾಕೋ ಪ್ರೋಗ್ರಾಂ, ಹೌದಾ ಅಲ್ವಾ ಅಂತ ಸ್ಕೋರ್ ಕೊಟ್ರೆ ಸಾಕಾ?

ಕೋಟೆ ಕೆಳಗಿನವ, ಚಿತ್ರದುರ್ಗ:
ಸಾಕಾಗಲ್ಲ ತಮ್ಮಾ. 2016ರ ಅಮೆರಿಕ ಎಲೆಕ್ಷನ್ ಟೈಮಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇಂಟರ್ನೆಟ್ ರಿಸರ್ಚ್ ಏಜೆನ್ಸಿ ಅಂತ ಒಂದು ಆಫೀಸಲ್ಲಿ ಸಂಬಳ ತಗೊಂಡು ಶಿಫ್ಟ್ ಮೇಲೆ ಕೂತು ಅಮೆರಿಕದೋರ ಥರ ಬರೀತಿದ್ದೋರು ಮನುಷ್ಯರೇ, ಅಂಥೋರು ಬಾಟ್ ಸ್ಕೋರಿಗೆ ಸಿಗೋದೇ ಕಷ್ಟ. ಟ್ವಿಟರ್‌ನೋರು 2018ರ ಅಕ್ಟೋಬರಲ್ಲಿ ಆ ಆಫೀಸಿನೋರ 3,800ಕ್ಕೂ ಹೆಚ್ಚು ಅಕೌಂಟಿನ ಡೇಟಾ ಹೊರಗೆ ಬಿಟ್ರು.

ನೀನು ಅಕೌಂಟುಗಳನ್ನ ಜೋಡಿ ಜೋಡಿಯಾಗಿ ನೋಡು. ಇವರಿಬ್ರೂ ಒಂದೇ ಲಿಂಕ್, ಒಂದೇ ಫೋಟೊ, ಅಥವಾ ನೀನು ಹೇಳ್ದ ಹಂಗೆ ಒಂದೇ ತಪ್ಪು ಇರೋ ಸಾಲನ್ನ ಒಂದು ನಿಮಿಷದ ಒಳಗೆ ಹಾಕಿದ್ದು ಎಷ್ಟು ಸಲ ಅಂತ ಎಣಿಸು. ಒಂದ್ಸಲ ಆದ್ರೆ ಬಿಟ್ಬಿಡು, ಅದೇ ಜೋಡಿ ಬೇರೆ ಬೇರೆ ವಿಷಯದಾಗೂ ಮತ್ತೆ ಮತ್ತೆ ಬಂದ್ರೆ ಇಬ್ರ ಮಧ್ಯೆ ಒಂದು ಗೆರೆ ಎಳಿ. ಹಂಗೆ ಎಳೀತಾ ಹೋದ್ರೆ ಗುಂಪು ತಾನೇ ಎದ್ದು ಕಾಣುತ್ತೆ.

ಮೆಕ್ಕೆಜೋಳ, ಜಗಳೂರು:
ಒಂದ್ನಿಮಿಷ ಅಣ್ಣಾ. ನಾವು ರೈತ್ರೂ ಹಂಗೇ ಮಾಡ್ತೀವಲ್ಲ? ಬೆಳೆ ರೇಟ್ ಬಿದ್ದಾಗ ಗ್ರೂಪಲ್ಲಿ ಮ್ಯಾಟರ್ ಹಾಕಿ, ಬೆಳಿಗ್ಗೆ ಹತ್ತಕ್ಕೆ ಎಲ್ರೂ ಪೋಸ್ಟ್ ಮಾಡ್ರಿ ಅಂತೀವಿ. ನಮ್ಮಲ್ಲಿ ಸುಮಾರು ಜನಕ್ಕೆ ಕನ್ನಡ ಟೈಪ್ ಮಾಡಕ್ಕೆ ಬರಲ್ಲ, ಬಂದಿದ್ದನ್ನ ಕಾಪಿ ಹೊಡೀತಾರೆ, ತಪ್ಪೂ ಅದ್ರ ಜೊತೆ ಬರ್ತದೆ. ನಿಮ್ ಲೆಕ್ಕದಾಗೆ ನಾವೂ ಸಿಕ್ಕಾಕ್ಕೊಂತೀವಿ, ಹೊಟ್ಟೆ ಉರಿಯಿಂದ ಬರ್ದೋರನ್ನ ದುಡ್ಡಿಗೆ ಬರ್ದೋರು ಅಂದ್ರೆ ಅದು ದೊಡ್ಡ ಅನ್ಯಾಯ.

ಕೋಟೆ ಕೆಳಗಿನವ, ಚಿತ್ರದುರ್ಗ:
ಸರಿಯಾಗ್ ಹೇಳಿದ್ರಿ. ಒಟ್ಟಿಗೆ ಪೋಸ್ಟ್ ಹಾಕೋದು ತಪ್ಪೇನಲ್ಲ, ತಾವು ಯಾರು ಅನ್ನೋದನ್ನ ಮುಚ್ಚಿಟ್ಟು ಹಾಕೋದು ಮೋಸ. ಫೇಸ್‌ಬುಕ್‌ನೋರ ರೂಲ್ಸೂ ಹೆಚ್ಚುಕಮ್ಮಿ ಇದೇ. ಅದಕ್ಕೇ ಹಳೇದು ಕೆದಕ್ಬೇಕು. ನಿಮ್ಮೋರ ಅಕೌಂಟಲ್ಲಿ ಮೊಮ್ಮಗನ ನಾಮಕರಣ, ಜಾತ್ರೆ, ಮಳೆ, ಎಲ್ಲಾ ಇರ್ತದೆ. ಬಾಡಿಗೆ ಅಕೌಂಟುಗಳು ಒಂದೇ ವಾರದಾಗೆ ಹುಟ್ಟಿರ್ತಾವೆ, ತಿಂಗಳುಗಟ್ಟಲೆ ಮಲ್ಗಿದ್ದು ಇದ್ದಕ್ಕಿದ್ದಂಗೆ ಎದ್ದು ಇವತ್ತು ಈರುಳ್ಳಿ, ನಾಳೆ ಇನ್ಯಾವ್ದೋ ರಾಜ್ಯದ ಎಲೆಕ್ಷನ್ ಅಂತಾವೆ. ಪೇಜ್ ಆದ್ರೆ ಪೇಜ್ ಟ್ರಾನ್ಸ್‌ಪರೆನ್ಸಿ ಒತ್ತಿ ನೋಡು ತಮ್ಮಾ, ಯಾವಾಗ ಶುರುವಾಯ್ತು, ಹೆಸ್ರು ಎಷ್ಟ್ ಸಲ ಬದ್ಲಾಯ್ತು ಅಂತ ಬರುತ್ತೆ.

ಇನ್ನೊಂದು, ಬೇಗ ಹಬ್ಬಿದ್ದೆಲ್ಲಾ ಯಾರೋ ಹಬ್ಬಿಸಿದ್ದು ಅನ್ಕೋಬೇಡ. ಅಮೆರಿಕದ ಎಂಐಟಿ ಯೂನಿವರ್ಸಿಟಿಯೋರು 2006ರಿಂದ 2017ರವರೆಗೆ ಟ್ವಿಟರಲ್ಲಿ ಓಡಾಡಿದ ಸುಮಾರು 1.26 ಲಕ್ಷ ಸುದ್ದಿ ನೋಡಿದ್ರು, ಸುಳ್ಳು ನಿಜಕ್ಕಿಂತ ಬೇಗ ಹಬ್ಬಿತ್ತು, ಬಾಟ್‌ಗಳನ್ನ ತೆಗ್ದು ಲೆಕ್ಕ ಹಾಕಿದ್ರೂ ಹಂಗೇ ಇತ್ತು, ಹಬ್ಬಿಸಿದ್ದು ನಮ್ಮಂಥ ಜನಾನೇ. ಮತ್ತೆ ಹೆಸರಿನ ಲಿಸ್ಟ್ ಎಲ್ಲೂ ಹಾಕ್ಬೇಡಪ್ಪ, ಒಬ್ರು ಅಮಾಯಕರು ಸಿಕ್ರೂ ಊರಲ್ಲಿ ತಲೆ ಎತ್ತಕ್ಕಾಗಲ್ಲ.

ನಾಲೆದಂಡೆ ಹುಡುಗ, ದಾವಣಗೆರೆ:
ಥ್ಯಾಂಕ್ಸ್ ಅಣ್ಣಾ, ಇಬ್ರಿಗೂ. ರಾತ್ರಿ ಕೂತು ಆ ನಲವತ್ತನ್ನೂ ಒಂದೊಂದಾಗಿ ನೋಡ್ದೆ. ಹನ್ನೊಂದು ಅಕೌಂಟು ನೀವು ಹೇಳ್ದಂಗೇ ಇದಾವೆ, ಒಂದೂ ನಮ್ಮ ಜಿಲ್ಲೇದು ಅನ್ನಿಸಲ್ಲ. ಉಳಿದೋರು ನಿಜವಾದ ಜನ, ಅದ್ರಾಗೆ ನಮ್ಮ ಸೋದರಮಾವನೂ ಇದಾರೆ. ಫೋನ್ ಮಾಡಿ ಕೇಳಿದ್ರೆ ಊರಿನ ವಾಟ್ಸಾಪ್ ಗ್ರೂಪಲ್ಲಿ ಬಂದಿತ್ತು, ಗಾಬರಿಯಾಗಿ ಹಾಕ್ದೆ ಅಂದ್ರು. ಹನ್ನೊಂದೂ ಮೊದಲು ಬಂದಿದಾವೆ, ಮಾವನೋರು ಆಮೇಲೆ. ಆ ಗ್ರೂಪಿಗೆ ಯಾರು ತಂದು ಹಾಕಿದ್ರು ಅಂತ ಭಾನುವಾರ ಊರಿಗೆ ಹೋದಾಗ ಕೇಳ್ತೀನಿ.