ಉಲ್ಲೇಖವೋ, ಆಧಾರವೋ, ಆಕರವೋ?

ಗೆಳೆಯರೇ, ನಮಸ್ಕಾರ.

ಎಲ್ಲರೂ ಸೇರಿ ಬರೆಯುವ ಆನ್‌ಲೈನ್ ವಿಶ್ವಕೋಶಗಳಲ್ಲಿ ‘ಸೈಟೇಶನ್’ ಅನ್ನುವುದಕ್ಕೆ, ಅಂದರೆ ಮಾಹಿತಿ ಎಲ್ಲಿಂದ ಬಂತು ಅಂತ ತೋರಿಸುವುದಕ್ಕೆ, ‘ಉಲ್ಲೇಖ’ ಎನ್ನುವ ರೂಢಿ ಇದೆ. ಕನ್ನಡ ವಿಕಿಪೀಡಿಯದ ಲೇಖನಗಳ ಕೊನೆಯಲ್ಲೂ ‘ಉಲ್ಲೇಖಗಳು’ ಅಂತ ತಲೆಬರಹ ಇರುತ್ತದೆ. ಈ ಪದ ಹೊಸಬರಿಗೆ ಸರಿಯಾಗಿ ಅರ್ಥವಾಗುತ್ತದಾ? ನನಗಂತೂ ಆಗಿರಲಿಲ್ಲ.

ನಾನು ಶಿರಸಿಯವನು, ಅಜ್ಜನ ಮನೆ ಅಂಕೋಲೆ ಕಡೆ. ಅಂಥದ್ದೊಂದು ತಾಣದಲ್ಲಿ ಅಂಕೋಲೆಯ ಕರಿ ಈಶಾಡು ಮಾವಿನ ಬಗ್ಗೆ ಎರಡು ಸಾಲು ಸೇರಿಸಿದೆ. ಕರಿ ಈಶಾಡಿನ ಸಿಪ್ಪೆ ತೆಳು, ತಿರುಳು ಜಾಸ್ತಿ. ಬಿಳಿ ಈಶಾಡಿನ ಸಿಪ್ಪೆ ದಪ್ಪ, ತಿರುಳು ಕಡಿಮೆ. ಸಂಜೆ ನೋಡಿದರೆ ಯಾರೋ ಅಳಿಸಿದ್ದರು. ‘ಉಲ್ಲೇಖ ಕೊಡಿ’ ಅಂತ ಒಂದು ಸಾಲು ಬರೆದಿಟ್ಟಿದ್ದರು.

ನಮ್ಮ ಕಡೆ ಉಲ್ಲೇಖ ಅಂದರೆ ಹೆಸರೆತ್ತಿ ಹೇಳುವುದು. ‘ಭಾಷಣದಲ್ಲಿ ನಿಮ್ಮ ಅಜ್ಜನ ಉಲ್ಲೇಖ ಬಂತು’ ಎನ್ನುತ್ತೇವಲ್ಲ, ಹಾಗೆ. ಅದಕ್ಕೇ ‘ಅಂಕೋಲೆಯ ಬೆಳೆಗಾರರು ಹೀಗೆ ಹೇಳುತ್ತಾರೆ’ ಅಂತ ಸೇರಿಸಿ ಮತ್ತೆ ಹಾಕಿದೆ. ಉಲ್ಲೇಖ ಮಾಡಿದ ಹಾಗಾಯಿತು ಅಂದುಕೊಂಡೆ. ಮತ್ತೆ ಅಳಿಸಿದರು. ಸಿಟ್ಟು ಬಂದು ಮತ್ತೊಮ್ಮೆ ಹಾಕಿದೆ. ಆಮೇಲೆ ಹಿರಿಯರೊಬ್ಬರು ಚರ್ಚೆ ಪುಟದಲ್ಲಿ ಸಮಾಧಾನವಾಗಿ ಬರೆದರು: ‘ನೀವು ಹೇಳುವುದು ಸುಳ್ಳು ಅಂತಲ್ಲ ತಮ್ಮಾ. ಓದುವವರು ತಾವೇ ತೆರೆದು ನೋಡುವ ಹಾಗೆ, ಅಚ್ಚಾದ ಜಾಗ ಯಾವುದು ಅಂತ ತೋರಿಸಿ.’ ಕರಿ ಈಶಾಡಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತಲ್ಲ, ಆಗಿನ ಪತ್ರಿಕಾ ವರದಿ ಹುಡುಕಿ ತಾರೀಕಿನ ಸಮೇತ ಸಾಲಿನ ಕೊನೆಗೆ ಹಾಕಿದೆ. ಆ ಸಾಲು ಈಗಲೂ ಹಾಗೇ ಇದೆ. ಅಳಿಸಿದವರು ಮೊದಲ ದಿನವೇ ‘ಇದು ಎಲ್ಲಿ ಅಚ್ಚಾಗಿದೆ?’ ಅಂತ ಕೇಳಿದ್ದರೆ ಜಗಳವೇ ಇರುತ್ತಿರಲಿಲ್ಲ.

ಹಾಗಾದರೆ ಯಾವ ಪದ ಒಳ್ಳೆಯದು? ‘ಆಧಾರ’ ಎಲ್ಲರಿಗೂ ಗೊತ್ತು. ‘ಆಧಾರ ಏನು?’ ಅಂದರೆ ನಮ್ಮ ಅಂಗಡಿಕಟ್ಟೆಯಲ್ಲೂ ಅರ್ಥವಾಗುತ್ತದೆ. ಆದರೆ ಈಗ ಆ ಹೆಸರು ಕೇಳಿದ ಕೂಡಲೇ ಕಾರ್ಡ್ ನೆನಪಾಗುತ್ತದೆ. ‘ಪುರಾವೆ’ ಅಂದರೆ ಕೋರ್ಟಿಗೆ ಕರೆದ ಹಾಗೆ, ಕೇಳಿಸಿಕೊಂಡವನಿಗೆ ತನ್ನನ್ನು ಅನುಮಾನಿಸಿದರು ಅನ್ನಿಸುತ್ತದೆ. ನನಗೆ ಮನಸ್ಸಿಗೆ ಹತ್ತಿರವಾದದ್ದು ‘ಆಕರ’. ಮೂಲದಲ್ಲಿ ಅದಕ್ಕೆ ಗಣಿ ಅಂತ ಅರ್ಥ. ಕಾರವಾರದ ಕಡಲನ್ನು ನೋಡುತ್ತಾ ನಿಂತಾಗ ‘ರತ್ನಾಕರ’ ಅನ್ನುವ ಪದ ಎಷ್ಟು ಚಂದ ಅನ್ನಿಸುತ್ತದೆ, ಅಲ್ವಾ? ಮಾಹಿತಿಯನ್ನು ಅಗೆದು ತೆಗೆದ ಜಾಗ ಆಕರ. ಆದರೆ ಪುಸ್ತಕದ ಒಡನಾಟ ಇಲ್ಲದವರಿಗೆ ಅದು ದೂರದ ಪದ.

ಹಾಗಂತ ‘ಉಲ್ಲೇಖ’ವನ್ನು ಸುಮ್ನೆ ತಳ್ಳಿಹಾಕಲೂ ಮನಸ್ಸು ಬರುತ್ತಿಲ್ಲ. ಮೊನ್ನೆ ಅಪ್ಪಯ್ಯನ ಜಮೀನಿನ ಕಾಗದಗಳನ್ನು ಜೋಡಿಸುತ್ತಿದ್ದೆ. ಕಚೇರಿಯಿಂದ ಬಂದ ಪತ್ರದಲ್ಲಿ ‘ವಿಷಯ’ದ ಕೆಳಗೆ ‘ಉಲ್ಲೇಖ’ ಅಂತಿತ್ತು. ಅದರ ಮುಂದೆ ಹಿಂದಿನ ಪತ್ರದ ಸಂಖ್ಯೆ, ತಾರೀಕು. ನಮಗೆ ಬೇಕಾದ ಅರ್ಥ ಇದೇ ತಾನೇ! ಯಾವ ಕಾಗದ, ಯಾವ ದಿನದ್ದು, ಬೇಕಾದರೆ ತೆಗೆದು ನೋಡಿ. ಕಚೇರಿ ಕನ್ನಡದಲ್ಲಿ ಈ ಅರ್ಥ ಗಟ್ಟಿಯಾಗಿದೆ, ಮಾತಿನಲ್ಲಿ ಇಲ್ಲ. ಶೀರ್ಷಿಕೆಗೆ ‘ಉಲ್ಲೇಖಗಳು’ ಇರಲಿ, ಹೊಸಬರನ್ನು ಕೇಳುವಾಗ ಮಾತ್ರ ‘ಆಧಾರ ತೋರಿಸಿ’ ಎನ್ನೋಣ ಅಂತ ನನ್ನ ಅನಿಸಿಕೆ.

ಇನ್ನೊಂದು ಪದವೂ ಕಾಡುತ್ತಿದೆ. ‘ಎಡಿಟ್ ವಾರ್’ಗೆ, ಅಂದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಾ, ಅವರು ಮತ್ತೆ ಹಾಕುತ್ತಾ ಹೋಗುವ ಜಗಳಕ್ಕೆ, ಏನನ್ನೋಣ? ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬರು ಒಂದೇ ಪುಟದಲ್ಲಿ ಬೇರೆಯವರ ತಿದ್ದುಪಡಿಗಳನ್ನು 24 ಗಂಟೆಯೊಳಗೆ 3 ಸಲಕ್ಕಿಂತ ಜಾಸ್ತಿ ರದ್ದು ಮಾಡುವಂತಿಲ್ಲ. ಇಂಥ ನಿಯಮವನ್ನು ಕನ್ನಡದಲ್ಲಿ ವಿವರಿಸುವಾಗ ‘ಸಂಪಾದನಾ ಯುದ್ಧ’ ಅಂದರೆ ಎರಡೂ ಪದ ತೊಡಕು. ‘ಸಂಪಾದನೆ ಮಾಡ್ತಾ ಇದ್ದೆ’ ಅಂತ ಆಯಿಗೆ ಹೇಳಿದಾಗ ‘ಎಷ್ಟ್ ದುಡ್ಡು ಬಂತೋ ತಮಾ?’ ಅಂತ ಕೇಳಿದಳು. ಅವಳ ಕನ್ನಡದಲ್ಲಿ ಸಂಪಾದನೆ ಅಂದರೆ ಗಳಿಕೆಯೇ, ಅದು ತಪ್ಪಲ್ಲ. ಇನ್ನು ಯುದ್ಧ ಅಂದಮೇಲೆ ಯಾರೋ ಸೋಲಬೇಕು. ನನಗೆ ‘ತಿದ್ದುವ ಹಗ್ಗಜಗ್ಗಾಟ’ ಸರಿ ಅನ್ನಿಸುತ್ತದೆ. ಈ ಕಡೆಯವರು ಎಳೆಯುತ್ತಾರೆ, ಆ ಕಡೆಯವರೂ ಎಳೆಯುತ್ತಾರೆ, ಲೇಖನ ನಡುವೆ ಸಿಕ್ಕಿಬಿದ್ದಿರುತ್ತದೆ.

ಧಾರವಾಡ, ಮಂಗಳೂರು, ಮೈಸೂರು ಕಡೆಯವರು ಇವೆರಡಕ್ಕೂ ಬಾಯಲ್ಲಿ ಏನು ಬಳಸುತ್ತೀರಿ? ಒಂದೇ ಪದದಲ್ಲಿ ಹೇಳುವ ಹಾಗಿದ್ದರೆ ದಯವಿಟ್ಟು ತಿಳಿಸಿ.