ಪದಚರ್ಚೆ: ‘ಬಸಿರಿನ ಸಕ್ಕರೆ ಕಾಯಿಲೆ’ಯೋ, ‘ಸಕ್ಕರೆ ಕಾಯಿಲೆಯವರ ಬಸಿರೋ’?

ಪ್ರಶ್ನೆ (ಬದಿಯಡ್ಕದಿಂದ)

ಬಸುರಿಯರಿಗಾಗಿ ಮಲಯಾಳದಲ್ಲಿ ಅಚ್ಚಾದ ಆರೋಗ್ಯ ಕರಪತ್ರವೊಂದನ್ನು ನಮ್ಮ ಕಡೆಯ ಕನ್ನಡಿಗರು ಓದುವ ಹಾಗೆ ಮಾಡಬೇಕಾಗಿದೆ. ಅದರಲ್ಲಿ ‘ಗರ್ಭಕಾಲ ಪ್ರಮೇಹಂ’ ಎಂದು ಉಂಟು. ‘ಗರ್ಭಕಾಲದ ಪ್ರಮೇಹ’ ಎಂದು ಲಿಪಿ ಬದಲಿಸಿದರೆ ಸಾಕೇ? ಮೊದಲಿನಿಂದಲೇ ಇನ್ಸುಲಿನ್ ಚುಚ್ಚಿಕೊಳ್ಳುವ ಹೆಂಗಸರ ಭಾಗಕ್ಕೆ ‘ಇನ್ಸುಲಿನ್ ಅವಲಂಬಿತ ಮಧುಮೇಹ’ ಎಂದು ಬರೆದಿದ್ದೇನೆ. ಕೊನೆಯಲ್ಲಿ ಬರುವ ‘ಸಂಕೀರ್ಣತೆಗಳು’ ಎಂಬ ಮಾತು ನಾಲಿಗೆಗೆ ಹತ್ತುತ್ತಿಲ್ಲ. ಪೆರ್ಲ, ಮುಳ್ಳೇರಿಯದ ಮನೆಗಳಲ್ಲಿ ಓದುವವರಿಗೆ ತಿಳಿಯುವ ಪದಗಳನ್ನು ಬಲ್ಲವರು ಹೇಳಬೇಕು.

ಉತ್ತರ (ಕಾಸರಗೋಡಿನಿಂದ)

‘ಪ್ರಮೇಹ’ ಬೇಡ. ಮಲಯಾಳದಲ್ಲಿ ಅದು ಡಯಾಬಿಟಿಸ್‌ಗೆ ನೇರವಾದ ದಿನಬಳಕೆಯ ಮಾತು. ಕನ್ನಡದಲ್ಲಿ ಹಾಗಲ್ಲ. ಆಯುರ್ವೇದದಲ್ಲಿ ಪ್ರಮೇಹವೆಂದರೆ 20 ಬಗೆಯ ಮೂತ್ರವಿಕಾರಗಳ ಗುಂಪು: ಕಫದವು 10, ಪಿತ್ತದವು 6, ವಾತದವು 4. ಮಧುಮೇಹ ಆ ಕೊನೆಯ ನಾಲ್ಕರಲ್ಲಿ ಒಂದು. ಕನ್ನಡ ಓದುಗರಿಗೆ ‘ಮಧುಮೇಹ’ ಗೊತ್ತು, ‘ಸಕ್ಕರೆ ಕಾಯಿಲೆ’ ಇನ್ನೂ ಚೆನ್ನಾಗಿ ಗೊತ್ತು. ರಕ್ತದಲ್ಲಿ ಅಳೆಯುವುದನ್ನು ಮಾತ್ರ ‘ಶುಗರ್’ ಎಂದೇ ಬರೆಯಿರಿ. ಜನ ಹೇಳುವುದೂ ‘ಶುಗರ್ ನೋಡಿಸಿದೆ’ ಎಂದೇ. ಇದರಿಂದ ಒಂದು ಅನುಕೂಲವೂ ಉಂಟು: ‘ಶುಗರ್ ಇಳಿದರೆ ಸಕ್ಕರೆ ಕೊಡಿ’ ಎಂದಾಗ ಯಾವುದು ರಕ್ತದ್ದು, ಯಾವುದು ಅಡುಗೆಮನೆಯ ಡಬ್ಬಿಯದ್ದು ಎಂಬ ಗೊಂದಲ ಉಳಿಯುವುದಿಲ್ಲ.

ನಿಜವಾದ ತೊಂದರೆ ಇರುವುದು ‘ಗರ್ಭಕಾಲದ’ ಎಂಬ ಆರನೇ ವಿಭಕ್ತಿಯಲ್ಲಿ. ಬಸಿರಿನಲ್ಲಿ ಹೊಸದಾಗಿ ಕಾಣಿಸಿಕೊಂಡು ಸಾಮಾನ್ಯವಾಗಿ ಹೆರಿಗೆಯ ಬಳಿಕ ಇಳಿದುಹೋಗುವುದು ಒಂದು. ಮೊದಲೇ ಸಕ್ಕರೆ ಕಾಯಿಲೆ ಇದ್ದವಳು ಬಸುರಿಯಾಗುವುದು ಇನ್ನೊಂದು. ‘ಗರ್ಭಕಾಲದ ಮಧುಮೇಹ’ ಎಂದರೆ ಓದುವವರ ಕಿವಿಗೆ ಎರಡೂ ಅದೇ. ಮೊದಲನೆಯದಕ್ಕೆ ‘ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ’, ಎರಡನೆಯದಕ್ಕೆ ‘ಮೊದಲೇ ಸಕ್ಕರೆ ಕಾಯಿಲೆ ಇರುವವರ ಬಸಿರು’ ಎಂದು ಬಿಡಿಸಿ ಬರೆಯಿರಿ. ಉದ್ದವಾಯಿತು ಎಂದು ಮೊಟಕು ಮಾಡಬೇಡಿ.

ಯಾಕೆ ಇಷ್ಟು ಹಟವೆಂದರೆ, ಇಂಥ ಕರಪತ್ರದಲ್ಲಿ ‘ಹೆರಿಗೆಯ ನಂತರ ಇನ್ಸುಲಿನ್ ನಿಲ್ಲಿಸಬಹುದು’ ಎಂಬ ಸಾಲು ಇರಬಹುದು. ಬಸಿರಿನಲ್ಲಿ ಬಂದ ಕಾಯಿಲೆಗೆ ಅದು ಬಹುಮಟ್ಟಿಗೆ ಸರಿ. ಮೊದಲಿನಿಂದಲೇ ಟೈಪ್ 1 ಸಕ್ಕರೆ ಕಾಯಿಲೆ ಇರುವವಳು ಅದನ್ನು ತನಗೂ ಹೇಳಿದ್ದೆಂದು ತಿಳಿದು ನಿಲ್ಲಿಸಿದರೆ ಒಂದೆರಡು ದಿನದೊಳಗೆ ಕೀಟೋ ಆಸಿಡೋಸಿಸ್ (ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುವುದು) ಆಗಿ ಜೀವಕ್ಕೇ ಅಪಾಯ. ಅವಳ ಮೇದೋಜೀರಕ ಗ್ರಂಥಿ ಇನ್ಸುಲಿನ್ ಮಾಡುವುದೇ ಇಲ್ಲವೆನ್ನುವಷ್ಟು ಕಡಿಮೆ.

‘ಇನ್ಸುಲಿನ್ ಅವಲಂಬಿತ’ ಎಂಬುದನ್ನೂ ಇದೇ ಕಾರಣಕ್ಕೆ ಬಿಡಬೇಕು. ಬಸಿರಿನಲ್ಲಿ ಕಾಯಿಲೆ ಬಂದವರೂ ಕೆಲವರು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಟೈಪ್ 2 ಇರುವವರೂ ಚುಚ್ಚಿಕೊಳ್ಳುತ್ತಾರೆ. ಅವರೆಲ್ಲ ‘ನಾನೂ ಅವಲಂಬಿತಳೇ’ ಎಂದುಕೊಳ್ಳುತ್ತಾರೆ. ವೈದ್ಯರ ವರ್ಗೀಕರಣವೇ 1997ರಲ್ಲಿ ಈ ಹೆಸರನ್ನು ಕೈಬಿಟ್ಟು ‘ಟೈಪ್ 1’ ಎಂದಿತು. ಹಾಗೆಯೇ ಬರೆದು, ‘ಇನ್ಸುಲಿನ್ ಒಂದು ದಿನವೂ ಬಿಡಬಾರದವರು’ ಎಂದು ಒಮ್ಮೆ ವಿವರಿಸಿದರೆ ಸಾಕು.

ಇನ್ನು ಕಾಲದ ಮಾತು. ಬಸಿರಿನಲ್ಲಿ ಬರುವುದು ಹೆಚ್ಚಾಗಿ 24ರಿಂದ 28ನೇ ವಾರದ ಪರೀಕ್ಷೆಯಲ್ಲಿ ತಿಳಿಯುತ್ತದೆ. ಮೊದಲೇ ಕಾಯಿಲೆ ಇದ್ದವಳ ಶುಗರ್ ಮಗುವಿನ ಅಂಗಗಳು ಮೂಡುವ ಹೊತ್ತಿಗೇ ಕೆಲಸ ಮಾಡುತ್ತಿರುತ್ತದೆ. ಮುಂದೆ ಮಿದುಳು, ಬೆನ್ನುಹುರಿ ಆಗುವ ಕೊಳವೆ ಮುಚ್ಚುವುದು ಗರ್ಭ ಕಟ್ಟಿದ ಸುಮಾರು 28ನೇ ದಿನಕ್ಕೆ, ಅಂದರೆ ಮುಟ್ಟು ತಪ್ಪಿ ಎರಡು ವಾರವಷ್ಟೇ ಆಗಿರುತ್ತದೆ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದೆಂಬ ರೂಢಿ ಇವರ ಮಟ್ಟಿಗೆ ಬಹಳ ಕೆಟ್ಟದ್ದು. ಆದ್ದರಿಂದ ‘ಗರ್ಭ ನಿಲ್ಲುವ ಮೊದಲು’ ಎಂಬ ಭಾಗ ಬೇಕೇ ಬೇಕು: ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಸಾಧ್ಯವಾದಷ್ಟು ಶೇ. 6.5ಕ್ಕಿಂತ ಕೆಳಗೆ ತರುವುದು, 10ಕ್ಕಿಂತ ಮೇಲಿದ್ದರೆ ಬಸಿರನ್ನು ಮುಂದಕ್ಕೆ ಹಾಕುವುದು, ವೈದ್ಯರು ಬರೆದುಕೊಟ್ಟ ಫೋಲಿಕ್ ಆಸಿಡ್ (ಬ್ರಿಟನ್ನಿನ ಕ್ರಮದಲ್ಲಿ ದಿನಕ್ಕೆ 5 ಮಿಲಿಗ್ರಾಂ) ಆಗಲೇ ಶುರುಮಾಡಿ 12 ವಾರದವರೆಗೆ ನುಂಗುವುದು, ಬಿ.ಪಿ. ಮತ್ತು ಕೊಲೆಸ್ಟರಾಲ್‌ಗೆ ನುಂಗುವ ಮಾತ್ರೆಗಳಲ್ಲಿ ಮಗುವಿಗೆ ಆಗದವನ್ನು ಬದಲಿಸಿಕೊಳ್ಳುವುದು. ‘ಗರ್ಭ ನಿಲ್ಲು’ ಎಂದರೆ ನಮ್ಮಲ್ಲಿ ಬಸಿರಾಗುವುದೆಂದೇ ಅರ್ಥ. ಆದರೆ ‘ಮುಟ್ಟು ನಿಲ್ಲು’ ಎಂದು ಬರೆಯಬೇಡಿ, ಅದು 50ರ ಆಸುಪಾಸಿನ ಮಾತಾಗುತ್ತದೆ. ‘ಮುಟ್ಟು ತಪ್ಪು’ ಎನ್ನಿ.

ಇನ್ಸುಲಿನ್ ಪ್ರಮಾಣದ ಏರಿಳಿತಕ್ಕೆ ‘ವ್ಯತ್ಯಯ’ ಎಂದು ಒಂದು ಪದ ಹಾಕಿ ಮುಗಿಸಬಾರದು, ವಾರದ ಲೆಕ್ಕದಲ್ಲಿ ಹೇಳಬೇಕು. ಸುಮಾರು 9ರಿಂದ 16ನೇ ವಾರದ ನಡುವೆ ಬೇಕಾಗುವ ಇನ್ಸುಲಿನ್ ಕಡಿಮೆಯಾಗುತ್ತದೆ. ವಾಕರಿಕೆಯೂ ಸೇರಿ ಶುಗರ್ ದಿಢೀರನೆ ಇಳಿಯುವ ಕಾಲ ಇದೇ. 16 ದಾಟಿದ ಮೇಲೆ ಮಾಸು (ಪ್ಲಾಸೆಂಟಾ) ಬೆಳೆದ ಹಾಗೆ ಅದರ ಹಾರ್ಮೋನುಗಳು ಇನ್ಸುಲಿನ್‌ಗೆ ಎದುರು ನಿಲ್ಲುತ್ತವೆ. 36ನೇ ವಾರದ ಹೊತ್ತಿಗೆ ಮೊದಲಿನ ಎರಡರಷ್ಟು ಬೇಕಾಗಬಹುದು. ಇದು ಕಾಯಿಲೆ ಬಿಗಡಾಯಿಸಿದ್ದಲ್ಲ, ಹಾಗೆಂದು ಸ್ಪಷ್ಟವಾಗಿ ಬರೆಯಿರಿ. ಕೊನೆಯ ವಾರಗಳಲ್ಲಿ ಕಾರಣವಿಲ್ಲದೆ ಬೇಡಿಕೆ ಒಮ್ಮೆಲೇ ಕುಸಿದರೆ ಮಾಸು ಸರಿಯಾಗಿ ಕೆಲಸ ಮಾಡುತ್ತಿಲ್ಲದಿರಬಹುದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯಾಗಿ ಮಾಸು ಬಿದ್ದ ಕೂಡಲೇ ಬೇಡಿಕೆ ಬಸಿರಿಗೆ ಮುಂಚಿನದಕ್ಕಿಂತಲೂ ಕೆಳಗಿಳಿಯುತ್ತದೆ. ಹಾಲೂಡುವ ಬಾಣಂತಿಗೆ ರಾತ್ರಿ ಶುಗರ್ ಇನ್ನೂ ಇಳಿಯಬಹುದು. ಕಡಿಮೆ ಮಾಡುವುದು ಬೇರೆ, ನಿಲ್ಲಿಸುವುದು ಬೇರೆ. ಅಂದ ಹಾಗೆ ಪಠ್ಯಪುಸ್ತಕದ ‘ಜರಾಯು’ ಇಲ್ಲಿ ಯಾರ ಬಾಯಲ್ಲೂ ಇಲ್ಲ. ‘ಮಾಸು’ ಎಂದರೆ ಅಜ್ಜಿಯಿಂದ ಆಶಾ ಕಾರ್ಯಕರ್ತೆಯವರೆಗೆ ಎಲ್ಲರಿಗೂ ತಿಳಿಯುತ್ತದೆ.

ಇನ್ನೊಂದು ಉತ್ತರ (ಮಂಜೇಶ್ವರದಿಂದ)

ಮೇಲಿನವರು ‘ಸಂಕೀರ್ಣತೆ’ಯನ್ನು ಮುಟ್ಟಲಿಲ್ಲ. ಅದು ‘ಜಟಿಲತೆ’ ಎಂಬ ಗುಣದ ಹೆಸರು, ಕಾಯಿಲೆಯ ಜೊತೆಗೆ ಬರುವ ಕೇಡಿನದಲ್ಲ. ವೈದ್ಯಶಾಸ್ತ್ರದ ಹಳೆಯ ಪದ ‘ಉಪದ್ರವ’. ಆದರೆ ನಮ್ಮಲ್ಲಿ ‘ಉಪದ್ರ’ ಎಂದರೆ ಮಕ್ಕಳು ಕೊಡುವ ಕಾಟ, ಅದರಿಂದ ಗಾಂಭೀರ್ಯ ಹೋಗುತ್ತದೆ. ‘ತೊಡಕು’ ಒಳ್ಳೆಯದು. ನೂಲು ತೊಡಕಿಕೊಂಡ ಹಾಗೆ, ಹೊತ್ತಿಗೆ ಬಿಡಿಸದಿದ್ದರೆ ಬಿಗಿಯಾಗುವುದು.

ತೊಡಕುಗಳನ್ನು ತಾಯಿಯವು, ಮಗುವಿನವು ಎಂದು ಬೇರೆ ಮಾಡಿ. ತಾಯಿಯದರಲ್ಲಿ ಕಣ್ಣು ಮೊದಲು: ಅಕ್ಷಿಪಟದ ರಕ್ತನಾಳ ಮೊದಲೇ ಕೆಟ್ಟಿದ್ದರೆ ಬಸಿರಿನಲ್ಲಿ ಹೆಚ್ಚಬಹುದು, ಏರಿದ ಶುಗರನ್ನು ಬೇಗಬೇಗ ಇಳಿಸಿದಾಗಲೂ ಹೆಚ್ಚಬಹುದು. ‘ಕಣ್ಣು ಪರೀಕ್ಷೆ’ ಎಂದಷ್ಟೇ ಬರೆದರೆ ಕನ್ನಡಕದ ಅಂಗಡಿಗೆ ಹೋಗುತ್ತಾರೆ. ‘ಹನಿ ಬಿಟ್ಟು ಕಣ್ಣಿನ ಒಳಪದರ ನೋಡಿಸುವುದು’ ಎಂದು ಬರೆಯಿರಿ. ಮೂತ್ರದ ಪ್ರೋಟೀನು, ಬಿ.ಪಿ. ಆಮೇಲಿನವು. ಮಗುವಿನ ವಿಚಾರದಲ್ಲಿ ‘ದೊಡ್ಡ ಮಗು’ ಎಂಬುದನ್ನು ಹೊಗಳಿಕೆಯ ಧ್ವನಿಯಲ್ಲಿ ಓದುತ್ತಾರೆ, ಆದ್ದರಿಂದ ಕಾರಣ ಹೇಳಲೇಬೇಕು. ತಾಯಿಯ ಶುಗರ್ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಮಗು ತಾನೇ ಹೆಚ್ಚು ಇನ್ಸುಲಿನ್ ಮಾಡಿ ದಪ್ಪವಾಗುತ್ತದೆ, ಹೆರುವಾಗ ಭುಜ ಸಿಕ್ಕಿಕೊಳ್ಳಬಹುದು, ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಅದರ ಶುಗರ್ ಕುಸಿಯಬಹುದು.

‘ವಾಂತಿ’ಯ ಹತ್ತಿರ ಒಂದು ಎಚ್ಚರಿಕೆ ಇರಲಿ. ಬಸಿರಲ್ಲಿ ವಾಂತಿ ಸಹಜವೆಂದು, ಊಟ ಸೇರಲಿಲ್ಲವೆಂದು ಇನ್ಸುಲಿನ್ ಬಿಡುವವರು ಉಂಟು. ಟೈಪ್ 1 ಬಸುರಿಗೆ ಶುಗರ್ 200ರ ಆಸುಪಾಸಿನಲ್ಲಿದ್ದಾಗಲೂ ಕೀಟೋನ್ ಏರಬಹುದು. ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು, ಏದುಸಿರು ಕಂಡರೆ ಕೀಟೋನ್ ನೋಡಿಸಲು ತಡಮಾಡಬಾರದು.

ಶುಗರ್ ಇಳಿಯುವುದಕ್ಕೆ ‘ಲೋ ಆಗುವುದು’ ಎಂದು ಜನ ಹೇಳುತ್ತಾರೆ, ಅದೇ ಇರಲಿ. 70ಕ್ಕಿಂತ ಕೆಳಗಾದರೆ 15 ಗ್ರಾಂ ಗ್ಲೂಕೋಸ್, ಇಲ್ಲವೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯುವುದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಎಚ್ಚರ ತಪ್ಪಿದವಳ ಬಾಯಿಗೆ ಏನನ್ನೂ ಹೊಯ್ಯಬಾರದು. ಬಾಣಂತಿಗೆ ‘ಓಲೆಬೆಲ್ಲ (ತಾಳೆಬೆಲ್ಲ) ಸಕ್ಕರೆಯಲ್ಲ’ ಎಂದು ಲೇಹ್ಯ ತಿನ್ನಿಸುವ ಮನೆಗಳಿಗಾಗಿ, ಬೆಲ್ಲವೂ ಶುಗರ್ ಏರಿಸುತ್ತದೆ ಎಂದು ಒಂದು ಸಾಲು ಸೇರಿಸಿ.

ಕೊನೆಗೆ ‘ಯೂನಿಟ್’. ಇದನ್ನು ‘ಮಾನ’, ‘ಅಂಶ’ ಎಂದು ಕನ್ನಡಿಸಬೇಡಿ, ಎಂ.ಎಲ್. ಎಂದೂ ಬರೆಯಬೇಡಿ. ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂ.ಎಲ್.ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಎಂ.ಎಲ್.ಗೆ 100 ಯೂನಿಟ್. ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿಗೆ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಹಾಗಾಗಿ ಕರಪತ್ರದಲ್ಲಿ ಸಂಖ್ಯೆಯ ಪಕ್ಕ ಸಿರಿಂಜಿನ ಮುಚ್ಚಳದ ಬಣ್ಣವನ್ನೂ ಬರೆಯಿರಿ.