ಕಲ್ಲಿದ್ದಲು ಬದ್ಲಿ ಅಣು ಸ್ಥಾವರ ಬಂದ್ರ ನಮಗ ಚಲೋನ ಏನು? ಖರ್ಚು, ಸೇಫ್ಟಿ ಎರಡೂ ಗೊತ್ತಿದ್ದವ್ರು ಹೇಳ್ರಿ

ಕೆಂಪುಮಣ್ಣು:

ನಮಸ್ಕಾರ್ರೀ ಎಲ್ಲಾರಿಗೂ. ನಮ್ದು ಕಲ್ಯಾಣ ಕರ್ನಾಟಕದ ಕಡಿ ಥರ್ಮಲ್ ಪ್ಲಾಂಟಿನ ಮಗ್ಗಲದಾಗ ಇರೋ ಒಂದು ಹಳ್ಳಿ, ಯಾವ್ದು ಅಂತ ಹೆಸರು ಬ್ಯಾಡ. ಗಾಳಿ ನಮ್ಮ ಕಡಿ ತಿರುಗ್ತಂದ್ರ ಮಾಳಗಿ ಮ್ಯಾಲ ಒಣಗಾಕ ಹಾಕಿದ ಮೆಣಸಿನಕಾಯಿ ಮ್ಯಾಲ ಬೂದಿ ಕುಂದರ್ತದ, ಹತ್ತಿ ಬಿಡಿಸೋ ಹೊತ್ತಿಗೆ ಅರಳಿ ಮಾಸಲು ಬಣ್ಣಕ್ಕ ತಿರುಗಿರ್ತದ, ದಲಾಲಿ ಕೈಯಾಗ ಹಿಡ್ದು ನೋಡಿ ಕ್ವಿಂಟಾಲಿಗೆ ಇಷ್ಟು ಕಮ್ಮಿ ಅಂತಾನ. ನಮ್ಮವ್ವಗ ದಮ್ಮು ಹತ್ತಿ ಬಾಳ ವರ್ಷ ಆತು.

ಈಗ ಕೊಪ್ಪಳ, ರಾಯಚೂರು, ವಿಜಯಪುರ ಕಡಿ ಅಣು ಸ್ಥಾವರಕ್ಕ ಜಾಗ ನೋಡ್ಲಿಕತ್ತಾರ ಅಂತ ಪೇಪರ್ನ್ಯಾಗ ಬಂದಾಗಿಂದ ಊರಾಗ ಎರಡು ಗುಂಪು ಆಗ್ಯಾವ. ಒಬ್ರು ಬೂದಿಯರ ತಪ್ತದ, ಬರ್ಲಿ ಬಿಡು ಅಂತಾರ. ಇನ್ನೊಬ್ರು ಬೂದಿ ಕಣ್ಣಿಗೆ ಕಾಣ್ತದ, ವಿಕಿರಣ ಕಾಣಂಗಿಲ್ಲ, ಚೆರ್ನೋಬಿಲ್ ಆದ್ರ ಎಲ್ಲಿಗಿ ಹೋಗೋದು ಅಂತಾರ. ಕರೆಂಟ್ ಅಗ್ಗ ಆಗ್ತದ ಅಂತ ಒಬ್ರಂದ್ರ ದುಪ್ಪಟ್ಟು ಆಗ್ತದ ಅಂತ ಇನ್ನೊಬ್ರು. ನನಗ ಪರ ವಿರೋಧ ಯಾವ್ದೂ ಬ್ಯಾಡ, ಲೆಕ್ಕ ಬೇಕು. ಯಾವ್ದರಿಂದ ಜನ ಹೆಚ್ಚು ಸಾಯ್ತಾರ, ಯಾವ್ದಕ್ಕ ರೊಕ್ಕ ಹೆಚ್ಚು ಹೋಗ್ತದ, ಅಷ್ಟು ಹೇಳ್ರಿ.

ಶಿಫ್ಟ್ ಇಂಜಿನಿಯರ್:

ನಾನು ಥರ್ಮಲ್‌ನಲ್ಲೇ ಕೆಲಸ ಮಾಡಿ ರಿಟೈರ್ ಆದವನು, ಅದಕ್ಕೆ ಕಲ್ಲಿದ್ದಲ ಕಡೆಯಿಂದಲೇ ಹೇಳ್ತೀನಿ. ನಮ್ಮ ದೇಶದ ಕಲ್ಲಿದ್ದಲಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿನೇ. ಒಂದು ಯುನಿಟ್ ಕರೆಂಟಿಗೆ ಹತ್ತಿರ ಹತ್ತಿರ 650 ಗ್ರಾಂ ಕಲ್ಲಿದ್ದಲು ಉರೀಬೇಕು. ಕೈಗಾದ ಒಂದು ರಿಯಾಕ್ಟರ್ 220 ಮೆಗಾವ್ಯಾಟ್, ಅಷ್ಟೇ ಕರೆಂಟನ್ನ ಕಲ್ಲಿದ್ದಲಲ್ಲಿ ತೆಗೀಬೇಕು ಅಂದ್ರೆ ದಿನಕ್ಕೆ ಸುಮಾರು 3,400 ಟನ್, ಅಂದ್ರೆ 58-59 ವ್ಯಾಗನ್ ಇರೋ ರೇಕ್ ಒಂದು ಹೆಚ್ಚುಕಮ್ಮಿ ಪೂರ್ತಿ ಬೇಕು, ಅದರಲ್ಲಿ ಸಾವಿರ ಟನ್ನಿಗೂ ಮೇಲೆ ಬೂದಿಯಾಗಿ ಉಳಿಯುತ್ತೆ, ದಿನಾ. ಕೈಗಾದಲ್ಲಿ ಅದೇ ಕೆಲಸಕ್ಕೆ ದಿನಕ್ಕೆ ಬದಲಾಯಿಸೋದು ಎಂಟರ ಆಸುಪಾಸು ಫ್ಯುಯಲ್ ಬಂಡಲ್ (ಯುರೇನಿಯಂ ತುಂಬಿದ ಕೊಳವೆಗಳ ಕಟ್ಟು), ಒಂದೊಂದು ಅರ್ಧ ಮೀಟರ್ ಉದ್ದ, ಹದಿನೈದು ಹದಿನಾರು ಕೆಜಿ ತೂಕ. ರಿಯಾಕ್ಟರ್ ನಿಲ್ಲಿಸದೇನೇ ಒಂದು ಕಡೆಯಿಂದ ಹೊಸದನ್ನ ತಳ್ತಾರೆ, ಇನ್ನೊಂದು ಕಡೆಯಿಂದ ಹಳೇದನ್ನ ತೆಗೀತಾರೆ. ಕೈಗಾ 1ನೇ ಯುನಿಟ್ 2016ರ ಮೇನಲ್ಲಿ ಶುರುವಾಗಿದ್ದು 2018ರ ಡಿಸೆಂಬರ್ 31ರವರೆಗೂ 962 ದಿನ ನಿಲ್ಲದೆ ಓಡಿದ್ದು ಇದೇ ಕಾರಣಕ್ಕೆ, ಆಗ ಅದು ವಿಶ್ವ ದಾಖಲೆ.

ಸಾವಿನ ಲೆಕ್ಕ ಕೇಳಿದ್ರಿ. ಒಂದು ಟೆರಾವ್ಯಾಟ್ ಅವರ್, ಅಂದ್ರೆ 100 ಕೋಟಿ ಯುನಿಟ್ ಕರೆಂಟಿಗೆ ಎಷ್ಟು ಜನ ಸಾಯ್ತಾರೆ ಅಂತ ಲೆಕ್ಕ ಹಾಕಿದವರಿದ್ದಾರೆ, ಗಣಿ ಅಪಘಾತ, ಹೊಗೆಯಿಂದ ಬರೋ ಕಾಯಿಲೆ, ಚೆರ್ನೋಬಿಲ್, ಫುಕುಶಿಮಾ ಅಣು ದುರಂತ ಎಲ್ಲಾ ಸೇರಿಸಿ. ಕಲ್ಲಿದ್ದಲಿಗೆ ಸುಮಾರು 24.6, ಅಣುವಿಗೆ 0.03. ಕಲ್ಲಿದ್ದಲಿನ ಆ ನಂಬರ್ ಬಂದಿರೋದು ಯುರೋಪಿನ ಸ್ಟಡಿಯಿಂದ, ಅಲ್ಲಿ ಹೊಗೆ ತೊಳೆಯೋ ವ್ಯವಸ್ಥೆ ನಮಗಿಂತ ಎಷ್ಟೋ ಮುಂದಿದೆ, ಅದನ್ನ ನೆನಪಿಟ್ಕೊಂಡು ಓದಿ. 1000 ಮೆಗಾವ್ಯಾಟಿನ ಪ್ಲಾಂಟ್ 70 ಪರ್ಸೆಂಟ್ ಲೋಡಲ್ಲಿ ಓಡಿದ್ರೆ ವರ್ಷಕ್ಕೆ 6 ಟೆರಾವ್ಯಾಟ್ ಅವರ್ ಆಯ್ತು, ಆ ಲೆಕ್ಕದಲ್ಲಿ ಕಲ್ಲಿದ್ದಲಾದ್ರೆ ವರ್ಷಕ್ಕೆ 150 ಜನ, ಅಣುವಾದ್ರೆ ಐದು ವರ್ಷಕ್ಕೆ ಒಬ್ಬರು. ಆ 150 ಜನ ಯಾವ ಪೇಪರಲ್ಲೂ ಬರಲ್ಲ, ಡೆತ್ ಸರ್ಟಿಫಿಕೇಟಲ್ಲಿ ಹಾರ್ಟ್ ಅಟ್ಯಾಕ್, ಲಂಗ್ಸ್ ತೊಂದರೆ ಅಂತ ಇರುತ್ತೆ ಅಷ್ಟೆ. ನಿಮ್ಮ ತಾಯಿಯವರ ದಮ್ಮೂ ಯಾವ ಲೆಕ್ಕದಲ್ಲೂ ಸೇರಿರಲ್ಲ ನೋಡಿ.

ಕಣ್ಣಿಗೆ ಕಾಣೋ ಅಪಘಾತಗಳೂ ಕಲ್ಲಿದ್ದಲಲ್ಲಿ ಕಮ್ಮಿ ಏನಲ್ಲ. 1975ರ ಡಿಸೆಂಬರಲ್ಲಿ ಧನಬಾದ್ ಹತ್ತಿರ ಚಾಸ್ನಾಲಾ ಗಣಿಗೆ ನೀರು ನುಗ್ಗಿ 375 ಜನ ಹೋದ್ರು. 2017ರ ನವೆಂಬರ್ 1ಕ್ಕೆ ಉತ್ತರ ಪ್ರದೇಶದ ಉಂಚಾಹಾರದಲ್ಲಿ ಬಾಯ್ಲರ್ ತಳದಲ್ಲಿ ಬೂದಿ ಕಟ್ಕೊಂಡು ಬಿಸಿ ಗ್ಯಾಸ್ ಹೊರಗೆ ನುಗ್ಗಿ 40ಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಆ ಬಾಯ್ಲರ್ ಕೆಳಗೆ ನಿಂತು ಕೆಲಸ ಮಾಡಿದವರಿಗೆ ಗೊತ್ತು ಅದೇನು ಅಂತ. ಗಂಧಕದ ಹೊಗೆ ತೊಳೆಯೋ ಎಫ್‌ಜಿಡಿ ಹಾಕ್ಲೇಬೇಕು ಅಂತ 2015ರಲ್ಲಿ ರೂಲ್ ಬಂತು, ಗಡುವು ಮುಂದೆ ಮುಂದೆ ಹೋಗ್ತಾ ಹೋಗ್ತಾ 2025ರ ಜುಲೈನಲ್ಲಿ ಬಹುಪಾಲು ಪ್ಲಾಂಟ್‌ಗಳಿಗೆ ಆ ಕಡ್ಡಾಯವನ್ನೇ ತೆಗೆದುಬಿಟ್ರು. ಇದು ನನಗೆ ತುಂಬಾ ಬೇಜಾರಿನ ವಿಷಯ.

ಸುಮ್ನೆ ಓದೋನು:

ಇನ್ನೊಂದು ವಿಷಯ ಸೇರಿಸ್ತೀನಿ, ಕಲ್ಲಿದ್ದಲ ಬೂದಿ ಅಣು ತ್ಯಾಜ್ಯಕ್ಕಿಂತ ಜಾಸ್ತಿ ರೇಡಿಯೋ ಆಕ್ಟಿವ್ ಅಂತೆ, ವಾಟ್ಸಾಪಲ್ಲಿ ಬಂದಿತ್ತು. ಹಂಗಾದ್ರೆ ಭಯ ಪಡೋದು ಯಾಕೆ?

ಶಿಫ್ಟ್ ಇಂಜಿನಿಯರ್:

ಅದು ಹಂಗಲ್ಲ ಕಣಪ್ಪ. ಬೂದಿಯಲ್ಲಿ ಯುರೇನಿಯಂ, ಥೋರಿಯಂ ಚೂರುಪಾರು ಇರುತ್ತೆ. ಅಣು ಸ್ಥಾವರ ಸರಿಯಾಗಿ ನಡೀತಿರುವಾಗ ಹೊರಗಿನ ಜನಕ್ಕೆ ತಾಗೋ ವಿಕಿರಣ ಎಷ್ಟು ಕಮ್ಮಿ ಅಂದ್ರೆ ಅದರ ಪಕ್ಕ ಇಟ್ಟು ನೋಡಿದಾಗ ಚಿಮಣಿ ಬೂದಿಯಿಂದ ತಾಗೋದು ಅಷ್ಟೇ ಅಥವಾ ಜಾಸ್ತಿ ಬರಬಹುದು, ಹಳೇ ಲೆಕ್ಕ ಹೇಳಿದ್ದು ಅಷ್ಟು. ಉರಿದು ಹೊರಗೆ ಬಂದ ಬಂಡಲ್ ಹತ್ತಿರ ಗುರಾಣಿ ಇಲ್ಲದೆ ನಿಂತರೆ ಮನುಷ್ಯ ಉಳಿಯಲ್ಲ. ಅದಕ್ಕೇ ಅದನ್ನ ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿ ಇಡೋದು. ಇವೆರಡನ್ನ ಒಂದೇ ಅಂದ್ರೆ ವಿರೋಧ ಮಾಡೋರಿಗೆ ನಾವೇ ಬಾಯಿಗೆ ಮಾತು ಕೊಟ್ಟಂಗೆ.

ಕಾಳಿ ತೀರ:

ನಾವು ಕಾರವಾರ ತಾಲೂಕಿನವರು. ಮೇಲಿನ ಸರ್ ಹೇಳಿದ ನಂಬರ್ ಯಾವುದನ್ನೂ ನಾನು ಅಲ್ಲಗಳೆಯುದಿಲ್ಲ. ಆದರೆ ಕೈಗಾ ಮಗ್ಗುಲಲ್ಲಿ ಇರುವವರಿಗೆ ಭಯ ಸುಮ್ಮನೆ ಹುಟ್ಟಿದ್ದಲ್ಲ ಅಂತ ಕೆಂಪುಮಣ್ಣು ಅವರಿಗೆ ಗೊತ್ತಿರಬೇಕು.

1989ರಲ್ಲಿ ಶಿವರಾಮ ಕಾರಂತರು ಅಷ್ಟು ವಯಸ್ಸಿನಲ್ಲಿ ಕೈಗಾ ಬೇಡ ಅಂತಲೇ ನಮ್ಮಲ್ಲಿ ಲೋಕಸಭೆಗೆ ನಿಂತಿದ್ದರು, ಸೋತರು. ಆಮೇಲೆ 1994ರ ಮೇನಲ್ಲಿ, ಕಟ್ಟುತ್ತಾ ಇರುವಾಗಲೇ, 1ನೇ ಯುನಿಟ್ಟಿನ ಕಂಟೇನ್ಮೆಂಟ್ ಡೋಮ್ ಒಳಮೈಯ ಕಾಂಕ್ರೀಟ್ ಕಳಚಿ ಕೆಳಗೆ ಬಿತ್ತು. ಇಂಧನ ಹಾಕಿರಲಿಲ್ಲ, ವಿಕಿರಣದ ಪ್ರಶ್ನೆ ಇರಲಿಲ್ಲ. ಆದರೂ ಏನೇ ಆದರೂ ವಿಕಿರಣ ಹೊರಗೆ ಬಿಡದೆ ತಡೆಯಬೇಕಾದ ಗುಮ್ಮಟವೇ ಅದು, ಅದೇ ಬಿದ್ದರೆ ಊರಿನವರು ಏನು ತಿಳ್ಕೊಳ್ಳಬೇಕು? ಡಿಸೈನ್ ಬದಲಾಯಿಸಿ ಮತ್ತೆ ಕಟ್ಟಿ ಕರೆಂಟ್ ಕೊಡುವಷ್ಟರಲ್ಲಿ 2000ನೇ ಇಸವಿ. 2009ರ ನವೆಂಬರಲ್ಲಿ ಒಳಗಿನವರೇ ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಷಿಯಂ ಎಂಬ ವಿಕಿರಣ ವಸ್ತು ಇರುವ, ರಿಯಾಕ್ಟರಿನಲ್ಲಿ ಬಳಸುವ ಭಾರಜಲ ಬೆರೆಸಿದ್ದು, ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಗೆ ಹೋದದ್ದು. ಯಾರೂ ಸಾಯಲಿಲ್ಲ, ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು, ಹಾಗಾಗಿ ತಪಾಸಣೆ ಕೆಲಸ ಮಾಡ್ತದೆ ಅಂತ ಹೇಳಬಹುದು. ಬೆರೆಸಲಿಕ್ಕೆ ಸಾಧ್ಯ ಆಯಿತಲ್ಲ ಅಂತಲೂ ಹೇಳಬಹುದು. ನಾನು ಎರಡನ್ನೂ ಹೇಳ್ತೇನೆ.

ನಮ್ಮ ಜಿಲ್ಲೆಯ ನೋವು ಬೇರೆಯೇ ಉಂಟು. ಸೂಪಾ, ಕದ್ರಾ, ಕೊಡಸಳ್ಳಿ ಅಣೆಕಟ್ಟು, ಕೈಗಾ, ಸೀಬರ್ಡ್ ನೌಕಾನೆಲೆ, ಒಂದರ ಮೇಲೊಂದು ಬಂದವು, ಒಮ್ಮೆ ಮನೆ ಬಿಟ್ಟು ಎದ್ದವರೇ ಮತ್ತೆ ಏಳುವ ಹಾಗೆ ಆಯಿತು. ಕೈಗಾ 5, 6ನೇ ಯುನಿಟ್ಟಿಗೆ 2018ರ ಡಿಸೆಂಬರಲ್ಲಿ ಮಲ್ಲಾಪುರದಲ್ಲಿ ಅಹವಾಲು ಸಭೆ ಆದಾಗ ಜನ ಸಿಟ್ಟಾಗಿ ಮಾತಾಡಿದ್ದು ಅದಕ್ಕೇ. ವಿಕಿರಣಕ್ಕಿಂತ ಹೆಚ್ಚಾಗಿ, ನಮಗೆ ಯಾರೂ ಪೂರ್ತಿ ಹೇಳುದಿಲ್ಲ ಅನ್ನುವುದೇ ಜನರ ಹೆದರಿಕೆ. ಅಪಘಾತ ಆದರೆ ಪರಿಹಾರ ಅಂತ 2010ರ ಕಾನೂನಲ್ಲಿ ಸ್ಥಾವರ ನಡೆಸುವವರ ಹೊಣೆಗೆ 1,500 ಕೋಟಿಯ ಮಿತಿ ಹಾಕಿದ್ದರು. ಫುಕುಶಿಮಾದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು, ಅದರ ಮುಂದೆ ಆ ದುಡ್ಡು ಎಷ್ಟಕ್ಕೆ ಸಾಕಾಗ್ತಿತ್ತು?

ಯುನಿಟ್ ಲೆಕ್ಕ:

ಕಾಳಿ ತೀರ ಅವರ ಮಾತು ಒಪ್ತೀನಿ. ಫುಕುಶಿಮಾದಲ್ಲಿ ವಿಕಿರಣದಿಂದ ಅಂತ ಜಪಾನ್ ಸರ್ಕಾರ ಒಪ್ಕೊಂಡಿರೋ ಸಾವು ಒಂದು, ಆದ್ರೆ ಆತುರದಲ್ಲಿ ಜನರನ್ನ ಎಬ್ಬಿಸಿ ಸಾಗಿಸಿದ್ದರಿಂದ, ಅದರಲ್ಲೂ ವಯಸ್ಸಾದವ್ರು ಆಸ್ಪತ್ರೆಯಲ್ಲಿದ್ದವ್ರು, ಎರಡು ಸಾವಿರಕ್ಕೂ ಹೆಚ್ಚು ಸಾವಾಯ್ತು. ಸೇಫ್ಟಿ ಅಂದ್ರೆ ರಿಯಾಕ್ಟರ್ ಗಟ್ಟಿ ಇದ್ರೆ ಆಗ್ಲಿಲ್ಲ, ಸುತ್ತ 16 ಕಿಲೋಮೀಟರಿನ ಎಮರ್ಜೆನ್ಸಿ ಪ್ಲಾನ್ ಕಾಗದದಲ್ಲಿ ಮಾತ್ರ ಇದ್ಯಾ ಇಲ್ಲ ರೋಡು, ಬಸ್ಸು, ಆಸ್ಪತ್ರೆ ನಿಜವಾಗ್ಲೂ ಇದ್ಯಾ ಅನ್ನೋದೂ ಸೇಫ್ಟಿನೇ.

ದುಡ್ಡಿನ ವಿಷಯಕ್ಕೆ ಬರ್ತೀನಿ, ನನ್ನ ಕೆಲಸಾನೇ ಟ್ಯಾರಿಫ್, ಅಂದ್ರೆ ಕರೆಂಟ್ ದರ ನೋಡೋದು. 2017ರಲ್ಲಿ ಕೇಂದ್ರ ಸರ್ಕಾರ 700 ಮೆಗಾವ್ಯಾಟಿನ ಹತ್ತು ರಿಯಾಕ್ಟರ್ ಒಟ್ಟಿಗೆ ಮಂಜೂರು ಮಾಡಿದಾಗ ಹೇಳಿದ ಅಂದಾಜು 1.05 ಲಕ್ಷ ಕೋಟಿ, ಅಂದ್ರೆ ಮೆಗಾವ್ಯಾಟಿಗೆ 15 ಕೋಟಿ, ಕೈಗಾ 5, 6 ಕೂಡ ಅದರಲ್ಲೇ ಸೇರಿದೆ. ಹೊಸ ಕಲ್ಲಿದ್ದಲು ಪ್ಲಾಂಟ್ ಮೆಗಾವ್ಯಾಟಿಗೆ 10 ಕೋಟಿ ಅಂತ ಇಟ್ಕೊಳ್ಳಿ. ವರ್ಷಕ್ಕೆ ಹಾಕಿದ ದುಡ್ಡಿನ 10 ಪರ್ಸೆಂಟ್ ವಾಪಸ್ ಬರ್ಬೇಕು, ಎರಡೂ 85 ಪರ್ಸೆಂಟ್ ಓಡ್ತವೆ ಅಂದ್ರೆ ಕಟ್ಟಿದ ಖರ್ಚೇ ಯುನಿಟ್ಟಿಗೆ ಅಣುವಿಗೆ 2 ರೂಪಾಯಿ, ಕಲ್ಲಿದ್ದಲಿಗೆ 1.35 ಬೀಳುತ್ತೆ. ಆಮೇಲೆ ಇಂಧನ. ಒಡಿಶಾದಿಂದ ರೈಲಲ್ಲಿ ನಮ್ಮ ಕಡೆ ಬರೋಷ್ಟರಲ್ಲಿ ಟನ್ನಿಗೆ 5,000 ರೂಪಾಯಿ ಅಂತ ಇಟ್ರೆ 650 ಗ್ರಾಮಿಗೆ 3.25 ಆಯ್ತು, ಅಣು ಇಂಧನ ಯುನಿಟ್ಟಿಗೆ ಒಂದು ರೂಪಾಯಿ ಆಸುಪಾಸು. ಇದು ನಾನು ಕೈಯಲ್ಲಿ ಹಾಕಿದ ಒರಟು ಲೆಕ್ಕ, ಆದ್ರೆ ದಿಕ್ಕು ಇದೇ. ಕಲ್ಲಿದ್ದಲಿನ ಖರ್ಚು ಪ್ರತಿ ರೇಕಲ್ಲೂ ಮತ್ತೆ ಮತ್ತೆ ಬರುತ್ತೆ, ರೈಲ್ವೆ ಫ್ರೈಟ್ ಏರಿದ್ರೆ ನಿಮ್ಮ ಬಿಲ್ಲೂ ಏರುತ್ತೆ. ಅಣುವಿನ ಖರ್ಚು ಮೂರರಲ್ಲಿ ಎರಡು ಪಾಲು ಕಟ್ಟೋವಾಗ್ಲೇ ಆಗಿ ಹೋಗುತ್ತೆ, ಕೈಗಾದಂಥ ಹಳೇ ಸ್ಥಾವರದ ಕರೆಂಟ್ ಈಗ ಅಗ್ಗಕ್ಕೆ ಸಿಗ್ತಿರೋದು ಅದಕ್ಕೇ.

ತೊಂದರೆ ಎಲ್ಲಿ ಅಂದ್ರೆ ಕಟ್ಟೋದು ತಡ ಆದಾಗ. 9 ಪರ್ಸೆಂಟ್ ಬಡ್ಡಿಗೆ ಎಂಟು ವರ್ಷಕ್ಕೆ ಸಾಲ ಡಬಲ್, ಆ 2 ರೂಪಾಯಿ 4 ಆಗ್ಬಿಡುತ್ತೆ, ಒಂದು ಯುನಿಟ್ ಕರೆಂಟೂ ಬರದೆ. ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ಮೊದಲೆರಡು ಯುನಿಟ್ 13,171 ಕೋಟಿ ಅಂತ ಶುರುವಾಗಿ 22,462 ಕೋಟಿಗೆ ನಿಲ್ತು. ಗುಜರಾತಿನ ಕಾಕ್ರಾಪಾರ್ 3ನೇ ಯುನಿಟ್, ನಮ್ಮದೇ ಮೊದಲ 700 ಮೆಗಾವ್ಯಾಟ್ ಡಿಸೈನ್, 2010ರಲ್ಲಿ ಕೆಲಸ ಶುರು, ವಾಣಿಜ್ಯ ಉತ್ಪಾದನೆ 2023ರ ಜೂನ್. ಅಮೆರಿಕದ ವೋಗ್ಟಲ್ ಅಣು ಸ್ಥಾವರದಲ್ಲಿ 1,400 ಕೋಟಿ ಡಾಲರ್ ಅಂದಿದ್ದು 3,000 ಕೋಟಿ ಡಾಲರ್ ದಾಟ್ತು. ಅದಕ್ಕೆ ಅಣು ಅಗ್ಗ ಅಂತ ಯಾರಾದ್ರೂ ಬರೀ ಯುನಿಟ್ ರೇಟ್ ಹೇಳಿದ್ರೆ ನಂಬ್ಬೇಡಿ, ಎಷ್ಟು ವರ್ಷದಲ್ಲಿ ಮುಗಿಸ್ತೀರ ಅಂತ ಕೇಳಿ.

ಸೋಲಾರ್ ಯಾಕೆ ಬೇಡ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಹಗಲು ಹೊತ್ತಿನ ಕರೆಂಟಿಗೆ ಪಾವಗಡದ ಸೋಲಾರ್ ಪಾರ್ಕಿನಂಥದ್ದಕ್ಕಿಂತ ಅಗ್ಗ ಇಲ್ಲ, ಅದು ಆಗ್ಲೇಬೇಕು. ಇಲ್ಲಿ ಪ್ರಶ್ನೆ ರಾತ್ರಿ ಪಂಪ್‌ಸೆಟ್ಟಿಗೆ ಕೊಡೋ ತ್ರೀ ಫೇಸ್ ಎಲ್ಲಿಂದ ಬರುತ್ತೆ ಅಂತ.

ಒಟ್ಟಾರೆ ನನ್ನ ಅಭಿಪ್ರಾಯ ಹೇಳ್ಬೇಕು ಅಂದ್ರೆ, ಇರೋ ಅಣು ಸ್ಥಾವರ ಮುಚ್ಚಿ ಕಲ್ಲಿದ್ದಲು ಉರಿಸೋದು ತಪ್ಪು, ಜರ್ಮನಿ ಕಲ್ಲಿದ್ದಲು ಪ್ಲಾಂಟ್ ಇಟ್ಕೊಂಡೇ 2023ರ ಏಪ್ರಿಲಲ್ಲಿ ಕೊನೇ ಮೂರು ರಿಯಾಕ್ಟರ್ ಮುಚ್ಚಿತು. ಹೊಸದು ಕಟ್ಟೋದಾದ್ರೆ ಹಳೇ ಕಲ್ಲಿದ್ದಲು ಯುನಿಟ್ ಯಾವುದು ಯಾವಾಗ ಮುಚ್ತೀರ ಅಂತ ಬರೆಸ್ಕೊಂಡೇ ಒಪ್ಪಬೇಕು. ಇಲ್ದಿದ್ರೆ ನಿಮ್ಮೂರಿಗೆ ಬೂದಿನೂ ಉಳಿಯುತ್ತೆ, ಮೇಲೆ ಇದೂ ಬರುತ್ತೆ.

ಕೆಂಪುಮಣ್ಣು:

ಎಲ್ಲಾರಿಗೂ ಬಾಳ ಉಪಕಾರ ಆತ್ರೀ. ಕಡೀ ಮಾತು ಖರೇನ ಅದ, ಹಳೇದು ಮುಚ್ತಾರೇನು ಅಂತ ನಮ್ಮೂರಾಗ ಯಾರೂ ಕೇಳೇ ಇಲ್ಲ. ಇನ್ನೊಂದು ಕೇಳ್ತೀನಿ. ನೀರು? ತುಂಗಭದ್ರಾ ಡ್ಯಾಮಿಂದು 2024ರಾಗ 19ನೇ ಗೇಟು ಕೊಚ್ಚಿಕೊಂಡು ಹೋದಾಗ ನಮ್ಮ ಎರಡನೇ ಬೆಳಿ ಗತಿ ಏನು ಅಂತ ಎಲ್ಲಾರೂ ಎದಿ ಹಿಡ್ಕೊಂಡು ಕುಂತಿದ್ವಿ. ಕಾಲುವಿ ಕೊನೀ ಭಾಗದವ್ರಿಗೆ ಈಗೇ ನೀರು ಮುಟ್ಟಂಗಿಲ್ಲ. ಅಣುವಿಗೆ ಎಷ್ಟು ನೀರು ಬೇಕು?

ಶಿಫ್ಟ್ ಇಂಜಿನಿಯರ್:

ಸರಿಯಾದ ಜಾಗಕ್ಕೆ ಕೈ ಹಾಕಿದ್ರಿ. ಒಂದು ಯುನಿಟ್ ಕರೆಂಟಿಗೆ ಅಂತ ನೋಡಿದ್ರೆ ಅಣುವಿಗೆ ಕಲ್ಲಿದ್ದಲಿಗಿಂತ ನೀರು ಜಾಸ್ತಿನೇ ಬೇಕು. ನಮ್ಮ ರಿಯಾಕ್ಟರ್‌ಗಳಲ್ಲಿ ಹುಟ್ಟೋ ಶಾಖದಲ್ಲಿ ಕರೆಂಟ್ ಆಗೋದು ನೂರಕ್ಕೆ 30ರಷ್ಟು, ಹೊಸ ಸೂಪರ್ ಕ್ರಿಟಿಕಲ್ (ತುಂಬಾ ಹೆಚ್ಚು ಒತ್ತಡದ ಹಬೆಯಲ್ಲಿ ಓಡೋ) ಕಲ್ಲಿದ್ದಲು ಪ್ಲಾಂಟಲ್ಲಿ 40ರ ಹತ್ತಿರ, ಅದರಲ್ಲೂ ಒಂದಿಷ್ಟು ಶಾಖ ಚಿಮಣಿಯಲ್ಲಿ ಹೋಗುತ್ತೆ. ಅಣುವಿನಲ್ಲಿ ಉಳಿದ 70 ಪಾಲನ್ನ ಪೂರ್ತಿ ನೀರೇ ಹೊತ್ಕೊಂಡು ಹೋಗ್ಬೇಕು. ಕೈಗಾಕ್ಕೆ ಕದ್ರಾ ಜಲಾಶಯ ಇದೆ, ಮಲೆನಾಡಿನ ಮಳೆ ಇದೆ. ಬಯಲುಸೀಮೆಯಲ್ಲಿ ಕೂಲಿಂಗ್ ಟವರ್ ಕಟ್ಟಿ ನಡೆಸಬಹುದು, ಹರಿಯಾಣದ ಗೋರಖ್‌ಪುರದಲ್ಲಿ ಕಾಲುವೆ ನೀರನ್ನೇ ನಂಬ್ಕೊಂಡು 700 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರ್ ಕಟ್ತಿದ್ದಾರೆ.

ಆದ್ರೆ ಒಂದು ವ್ಯತ್ಯಾಸ ಚೆನ್ನಾಗಿ ತಿಳ್ಕೊಳ್ಳಿ. ಬರ ಬಂದ್ರೆ ಕಲ್ಲಿದ್ದಲು ಯುನಿಟ್ಟನ್ನ ಆರಿಸಿ ಸುಮ್ಮನೆ ಕೂರಬಹುದು, ನಾವೇ ಆರಿಸಿ ಕೂತಿದ್ದೀವಿ. ರಿಯಾಕ್ಟರ್ ಆರಿಸಿದ ಮೇಲೂ ಒಳಗೆ ಶಾಖ ಹುಟ್ತಾನೇ ಇರುತ್ತೆ, ಆರಿಸಿದ ಕ್ಷಣದಲ್ಲಿ ಪೂರ್ತಿ ಶಾಖದ 6-7 ಪರ್ಸೆಂಟ್, ಆಮೇಲೆ ಇಳೀತಾ ಹೋಗುತ್ತೆ. ಫುಕುಶಿಮಾದಲ್ಲಿ ಭೂಕಂಪ ಆದ ತಕ್ಷಣ ರಿಯಾಕ್ಟರ್‌ಗಳು ಸರಿಯಾಗೇ ನಿಂತವು, ಸುನಾಮಿ ಬಂದು ಡೀಸೆಲ್ ಜನರೇಟರ್ ಮುಳುಗಿಸಿದ್ದಕ್ಕೆ ನೀರು ಹಾಯಿಸೋ ಪಂಪ್ ನಿಂತು ಕೋರ್, ಅಂದ್ರೆ ಇಂಧನ ಇರೋ ಒಳಭಾಗ ಕರಗಿದ್ದು. ನಿಮ್ಮಲ್ಲಿ ಸುನಾಮಿ ಇಲ್ಲ. ಆದ್ರೆ ರಿಯಾಕ್ಟರ್ ತಣ್ಣಗಿಡೋಷ್ಟು ನೀರು ಯಾವತ್ತೂ ಮೀಸಲು ಇರ್ಲೇಬೇಕು, ಬರಗಾಲದಲ್ಲೂ, ಗೇಟ್ ಹೋದ್ರೂ. ಆ ಮೀಸಲು ಯಾರ ಪಾಲಿನದು ಅಂತ ಮೊದಲೇ ಕೇಳಿ. ಭೂಕಂಪದ್ದೂ ಕೇಳಿ, 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದಾಗ ನಿಮ್ಮ ಕಡೆಗೂ ನಡುಗಿತ್ತು, ಅಲ್ಲಿ ಅಷ್ಟು ದೊಡ್ಡ ಭೂಕಂಪ ಆಗುತ್ತೆ ಅಂತ ಅದಕ್ಕೆ ಮೊದಲು ಯಾರೂ ಅಂದ್ಕೊಂಡಿರಲಿಲ್ಲ.

ಕಾಳಿ ತೀರ:

ಒಂದು ಕೆಲಸಕ್ಕೆ ಬರುವ ವಿಷಯ. ಯೋಜನೆ ಮುಂದೆ ಹೋದರೆ ಪರಿಸರ ಸಾರ್ವಜನಿಕ ಅಹವಾಲು ಸಭೆ ಆಗಲೇಬೇಕು, ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಕೊಡಬೇಕು, ಜಿಲ್ಲಾಧಿಕಾರಿ ಕಚೇರಿ, ಪಂಚಾಯ್ತಿ ಕಡೆ ಸಿಗ್ತದೆ. ಸಭೆ ದಿನ ಬಾಯಲ್ಲಿ ಹೇಳಿದ್ದನ್ನ ಅವರು ಹೇಗೆ ಬರ್ಕೊಳ್ತಾರೋ, ಹಾಗಾಗಿ ನೀರಿನ ಮೀಸಲು, ಹಳೇ ಯುನಿಟ್ ಮುಚ್ಚುವ ತಾರೀಕು, 16 ಕಿಲೋಮೀಟರ್ ಪ್ಲಾನು ಮೂರನ್ನೂ ಬರೆದು ಕೊಟ್ಟು ಅದರ ಮೇಲೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ.

ಕೆಂಪುಮಣ್ಣು:

ಆತ್ರೀ. ಇದಿಷ್ಟು ಪ್ರಿಂಟ್ ತಗದು ಎರಡೂ ಗುಂಪಿನವ್ರಿಗೂ ಕೊಡ್ತೀನಿ, ಬರೋ ಗ್ರಾಮಸಭೆಯಾಗ ಓದಸ್ತೀನಿ. ಬೂದಿ ಹಾರೋದರ ಬಗ್ಗೆ ಅರ್ಜಿ ಬ್ಯಾರೇನ ಹಾಕ್ತೀವಿ, ಅದಕ್ಕ ಅಣು ಸ್ಥಾವರ ಬರೋತನಕ ಕಾಯೋದು ಯಾಕ.